ಸ್ಟಾರ್ ಒತ್ತೋ ಮುಂಚೆ: ಹೊಸ ಪ್ರೇಮ ಕಾದಂಬರಿ, ಥ್ರಿಲ್ಲರ್ ಓದಿ ಅಂಕ ಕೊಡುವ ಬಗೆ

ಆ ಥ್ರಿಲ್ಲರ್ ಮುಗಿಸಿದಾಗ ರಾತ್ರಿ ಒಂದೂಕಾಲು. ಎದೆ ಇನ್ನೂ ಡವಡವ ಅಂತಿತ್ತು. ಮಲಗಿದಲ್ಲೇ ಫೋನ್ ತೆಗೆದು ಐದು ಸ್ಟಾರ್ ಒತ್ತಿದೆ. ‘ಕೆಳಗಿಡೋಕೆ ಬಿಡಲ್ಲ’ ಅಂತ ಒಂದು ಸಾಲನ್ನೂ ಬರೆದೆ. ಬೆಳಿಗ್ಗೆ ಒಲೆ ಮುಂದೆ ಹಾಲು ಕಾಯೋದನ್ನೇ ನೋಡ್ತಾ ನಿಂತಾಗ ಥಟ್ಟನೆ ಹೊಳೆಯಿತು. ಕೊಲೆಗಾರ ರಾತ್ರಿ ಹತ್ತು ಗಂಟೆಗೆ ಹುಬ್ಬಳ್ಳಿಯಲ್ಲಿ ನಾಯಕಿಯ ಅಣ್ಣನ ಜೊತೆ ಊಟಕ್ಕೆ ಕೂತಿದ್ದ. ಕೊಲೆ ಆದದ್ದು ಹನ್ನೊಂದೂವರೆಗೆ, ಶಿವಮೊಗ್ಗದಲ್ಲಿ. ಒಂದೂವರೆ ಗಂಟೆಯಲ್ಲಿ ಹುಬ್ಬಳ್ಳಿಯಿಂದ ಶಿವಮೊಗ್ಗಕ್ಕೆ ಹೋಗೋಕೆ ಅವನ ಹತ್ತಿರ ಹೆಲಿಕಾಪ್ಟರ್ ಇತ್ತಾ? ಹಾಲು ಉಕ್ಕಿತು.

ಪುಸ್ತಕ ಕೆಟ್ಟದಾಗಿರಲಿಲ್ಲ. ಆದರೆ ನಾನು ಕೊಟ್ಟ ಐದು ಸ್ಟಾರ್ ಪುಸ್ತಕಕ್ಕಲ್ಲ, ನನ್ನ ಎದೆಬಡಿತಕ್ಕೆ. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ. ಇದರ ತಿರುಳು ಇಷ್ಟೇ: ಪ್ರತಿ ಪುಸ್ತಕವೂ ಶುರುವಿನಲ್ಲಿ ಓದುಗನಿಗೆ ಒಂದು ಮಾತು ಕೊಡುತ್ತದೆ. ನಾವು ಅಳೆಯಬೇಕಾದ್ದು ಆ ಮಾತನ್ನು ಅದು ಉಳಿಸಿಕೊಂಡಿತಾ ಅಂತ.

ಮೊದಲು, ಪುಸ್ತಕ ಕೊಟ್ಟ ಮಾತೇನು ಅಂತ ಬರೆದುಕೊಳ್ಳಿ

ಹಿಂಬದಿಯ ಪರಿಚಯ ಓದಿ, ಮೊದಲ ಹತ್ತು ಪುಟ ಓದಿ, ನಿಲ್ಲಿಸಿ. ಒಂದೇ ವಾಕ್ಯ ಬರೆಯಿರಿ. ‘ಸತ್ತವಳು ಯಾರು, ಕೊಂದವರು ಯಾರು ಅಂತ ಕೊನೆಗೆ ಹೇಳ್ತೀನಿ ಅಂತಿದೆ.’ ಅಥವಾ ‘ಇವರಿಬ್ಬರು ಹೇಗೆ ಹತ್ತಿರ ಆಗ್ತಾರೆ ಅಂತ ತೋರಿಸ್ತೀನಿ ಅಂತಿದೆ.’ ಇಷ್ಟು ಸಾಕು.

ಇದು ಯಾಕೆ ಬೇಕು ಅಂದ್ರೆ, ನಮ್ಮಲ್ಲಿ ಹಣೆಪಟ್ಟಿಗಳು ಸ್ವಲ್ಪ ಕಲಸುಮೇಲೋಗರ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದು ಪತ್ತೇದಾರಿಯನ್ನು ಮನೆಮನೆಗೆ ಮುಟ್ಟಿಸಿದ ಕಾಲದಿಂದಲೂ, ಕೊಲೆ ಇರುವ ಪುಸ್ತಕವೆಲ್ಲ ನಮಗೆ ‘ಪತ್ತೇದಾರಿ’. (ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.) ಆದರೆ ಪತ್ತೇದಾರಿ ಕೊಡುವ ಮಾತು ‘ಯಾರು ಮಾಡಿದ್ದು’ ಅಂತ. ಥ್ರಿಲ್ಲರ್ ಕೊಡುವ ಮಾತು ‘ಮುಂದೇನಾಗುತ್ತೆ’ ಅಂತ. ಥ್ರಿಲ್ಲರ್‌ನಲ್ಲಿ ಕೊಲೆಗಾರ ಯಾರು ಅಂತ ಮೂರನೇ ಅಧ್ಯಾಯದಲ್ಲೇ ಗೊತ್ತಾಗಬಹುದು. ಅದು ತಪ್ಪಲ್ಲ. ಅವನು ಇನ್ನೊಬ್ಬರ ಮನೆ ಬಾಗಿಲು ತಟ್ಟೋ ಮುಂಚೆ ಸಿಕ್ಕಿಬೀಳ್ತಾನಾ ಅನ್ನೋದೇ ಅಲ್ಲಿ ಮುಖ್ಯ.

ಪ್ರೇಮ ಕಾದಂಬರಿಯದ್ದೂ ಹೀಗೇ. ಅಮೆರಿಕದ ರೊಮಾನ್ಸ್ ಲೇಖಕರ ಸಂಘ ಎರಡೇ ಲಕ್ಷಣ ಹೇಳುತ್ತದೆ: ಕಥೆಯ ನಡುಮನೆಯಲ್ಲಿ ಪ್ರೇಮ ಇರಬೇಕು, ಮುಗಿಯುವಾಗ ಮನಸ್ಸಿಗೆ ತೃಪ್ತಿ, ಭರವಸೆ ಸಿಗಬೇಕು. ನಮ್ಮಲ್ಲಿ ‘ಸಾಮಾಜಿಕ ಕಾದಂಬರಿ’ ಅನ್ನೋ ದೊಡ್ಡ ಛತ್ರಿ ಒಂದಿದೆ. ಅದರ ಕೆಳಗೆ ಪ್ರೇಮ, ಅತ್ತೆ, ಆಸ್ತಿ, ವಿಧವೆಯ ಕಷ್ಟ ಎಲ್ಲಾ ನಿಂತಿರುತ್ತವೆ. ಮನೆಯ ಕಥೆ ಹೇಳೋಕೆ ಹೊರಟ ಪುಸ್ತಕಕ್ಕೆ ‘ರೊಮಾನ್ಸ್ ಕಮ್ಮಿ’ ಅಂತ ಎರಡು ಸ್ಟಾರ್ ಕೊಟ್ಟರೆ ಅದು ಇಡ್ಲಿ ತಿಂದು ದೋಸೆ ಗರಿಗರಿ ಇರಲಿಲ್ಲ ಅಂದ ಹಾಗೆ.

ಇನ್ನೊಂದು ಮಾತು. ಪುಸ್ತಕ ಮೊದಲು ಧಾರಾವಾಹಿಯಾಗಿ ಬಂದಿತ್ತಾ ಅಂತ ನೋಡಿ. 1965ರಲ್ಲಿ ಶುರುವಾದ ಸುಧಾ, ಆಮೇಲೆ ಬಂದ ತರಂಗ ತರಹದ ವಾರಪತ್ರಿಕೆಗಳ ಕಾಲದಲ್ಲಿ ಕಂತು ಮುಗಿಯುವ ಕಡೆ ಮುಂದಿನ ಕಂತಿಗೆ ಕಾಯಿಸುವ ಒಂದು ಕೊಕ್ಕೆ ಇರಲೇಬೇಕಿತ್ತು. ಈಗ ಪ್ರತಿಲಿಪಿ ಆ್ಯಪ್‌ನಲ್ಲಿ ಕಂತು ಕಂತಾಗಿ ಬರೆಯುವವರಿಗೂ ಅದೇ ಅಭ್ಯಾಸ. ಫೋನಿನಲ್ಲಿ ದಿನಕ್ಕೊಂದು ಕಂತು ಓದುವಾಗ ಕೊಕ್ಕೆ ಚೆಂದ, ಹಿಂದಿನ ಕಂತನ್ನು ನೆನಪಿಸುವ ನಾಲ್ಕು ಸಾಲೂ ಬೇಕು. ಅದೇ ಕಥೆ ಪುಸ್ತಕವಾದಾಗಲೂ ಆ ನಾಲ್ಕು ಸಾಲು ಪ್ರತಿ ಅಧ್ಯಾಯದ ತಲೆಯಲ್ಲಿ ಹಾಗೇ ಕೂತಿದ್ದರೆ ಅದು ಬರೆದವರಿಗಿಂತ ಜಾಸ್ತಿ ತಿದ್ದಬೇಕಿದ್ದವರ ತಪ್ಪು. ಹಾಗಂತಲೇ ಬರೆಯಿರಿ.

ಓದುವಾಗ ಪೆನ್ಸಿಲ್ ಕೈಲಿರಲಿ, ಆದರೆ ಜಾಸ್ತಿ ಗೀಚಬೇಡಿ

ನನ್ನ ಹತ್ತಿರ ಮಕ್ಕಳ 200 ಪುಟದ ನೋಟ್‌ಬುಕ್ ಇದೆ. ಒಂದು ಪುಸ್ತಕಕ್ಕೆ ಒಂದೇ ಪುಟ. ಅಭಿಪ್ರಾಯ ಬರೆಯಲ್ಲ, ಪುಟಸಂಖ್ಯೆ ಮಾತ್ರ ಬರೆಯುತ್ತೇನೆ. ಕಳೆದ ತಿಂಗಳ ಒಂದು ಪುಟ ಹೀಗಿದೆ:

‘ಪು. 31 – ಫೋನ್ ನೋಡಿದೆ. ಪು. 38 – ಮತ್ತೆ ನೋಡಿದೆ. ಪು. 54 – ಕಾಂಪೌಂಡರ್ ಎಡಗೈಲಿ ಸಹಿ ಹಾಕ್ತಾನೆ (?). ಪು. 90 – ಅನ್ನಕ್ಕಿಟ್ಟಿದ್ದು ಮರೆತೆ. ಪು. 121 – ಡಾಕ್ಟರ್ ಹೆಂಡತಿ ಮೇಲೆ ಅನುಮಾನ. ಪು. 160 – ಕಾಂಪೌಂಡರ್ ಎಲ್ಲಿ ಹೋದ?’

ನೋಡಿ, ವಿಮರ್ಶೆ ಆಗಲೇ ಅರ್ಧ ಮುಗಿದಿದೆ. ಶುರು ಎಳೆದಿದೆ, ನಡುವೆ ಹಿಡಿದಿದೆ, ಒಬ್ಬನನ್ನು ಲೇಖಕರು ಬೇಕಂತಲೇ ಮರೆಸಿದ್ದಾರೆ ಅಥವಾ ಪಾಪ, ತಾವೇ ಮರೆತಿದ್ದಾರೆ. ಫೋನ್ ಎತ್ತಿಕೊಂಡ ಪುಟ ಸುಳ್ಳು ಹೇಳಲ್ಲ. ‘ನಿಧಾನಗತಿಯ ನಿರೂಪಣೆ’ ಅಂತ ಸುಮ್ನೆ ಹೇಳೋದಕ್ಕಿಂತ ‘31ರಿಂದ 50ನೇ ಪುಟದವರೆಗೆ ಕಥೆ ನಿಂತಲ್ಲೇ ನಿಂತಿದೆ’ ಅಂದರೆ ಓದೋರಿಗೂ ಉಪಯೋಗ, ಬರೆದವರಿಗೂ ಉಪಯೋಗ.

ಥ್ರಿಲ್ಲರ್ ಆದರೆ ಪುಟದ ಅಂಚಿನಲ್ಲಿ ದಿನ, ಗಂಟೆ, ಊರು ಬರೆದುಕೊಳ್ಳಿ. ಈ ಒಂದು ಕೆಲಸ ಮಾಡಿದ್ದರೆ ನನಗೆ ಹುಬ್ಬಳ್ಳಿ ಊಟ ಅವತ್ತೇ ಕಣ್ಣಿಗೆ ಬೀಳ್ತಿತ್ತು.

ಥ್ರಿಲ್ಲರ್ ಮುಗಿದ ಮೇಲೆ: ಮೋಸ ಆಯ್ತಾ, ಇಲ್ಲಾ ನಾವೇ ಏಮಾರಿದ್ವಾ?

ಕೊನೇ ಪುಟ ಮುಗಿದ ತಕ್ಷಣ ಹಿಂದಕ್ಕೆ ಹೋಗಿ. ಅಪರಾಧಿ ಮೊದಲ ಸಲ ಬಂದ ಪುಟ ತೆಗೆದು ಅದನ್ನಷ್ಟೇ ಇನ್ನೊಮ್ಮೆ ಓದಿ. ಒಳ್ಳೇ ಪುಸ್ತಕದಲ್ಲಿ ಆ ಪುಟ ಈಗ ಬೇರೆಯೇ ಕಾಣುತ್ತದೆ. ‘ಅರೆ, ಇಲ್ಲೇ ಇತ್ತಲ್ಲ!’ ಅಂತ ಹಣೆ ಚಚ್ಚಿಕೊಳ್ಳಬೇಕು. ಆ ಪುಟದಲ್ಲಿ ಏನೂ ಇಲ್ಲದೆ, ಕೊನೆಯಲ್ಲಿ ದೊಡ್ಡಪ್ಪನ ಮಗನೊಬ್ಬ ದುಬೈನಿಂದ ಇಳಿದು ‘ನಾನೇ ಕೊಂದದ್ದು’ ಅಂದರೆ, ನೀವು ಏಮಾರಿಲ್ಲ. ನಿಮಗೆ ಮೋಸ ಆಗಿದೆ.

ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ ತಾನೂ ಪತ್ತೇದಾರಿ ಬರೀತಿದ್ದ. 1929ರಲ್ಲಿ ಅವನು ಈ ಬಗೆಯ ಕಥೆಗಳಿಗೆ ಹತ್ತು ಕಟ್ಟಳೆ ಬರೆದ. ಅಪರಾಧಿ ಕಥೆಯ ಶುರುವಿನಲ್ಲೇ ಕಾಣಿಸಿಕೊಳ್ಳಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಮುಂಚೆ ಸೂಚನೆ ಕೊಡದೆ ಅವಳಿ ಜವಳಿಯನ್ನು ತಂದು ನಿಲ್ಲಿಸಬಾರದು. (ಈ ಕೊನೇದು ನಮ್ಮ ಸಿನಿಮಾದವರ ಕಿವಿಗೆ ಬಿದ್ದಿರಲಿಕ್ಕಿಲ್ಲ.) ಎಲ್ಲವನ್ನೂ ಇವತ್ತು ಪಾಲಿಸಬೇಕಿಲ್ಲ, ಮುರಿದು ಗೆದ್ದವರೂ ಇದ್ದಾರೆ. ಆದರೆ ಸುಳಿವಿನ ಕಟ್ಟಳೆಯನ್ನು ಮುರಿದು ಗೆಲ್ಲೋದು ಕಷ್ಟ.

ಆಮೇಲೆ ಪೊಲೀಸ್ ವಿವರ. ಇಲ್ಲಿ ನಾನು ಸ್ವಲ್ಪ ಕಿರಿಕಿರಿ ಮನುಷ್ಯ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ (ಐಪಿಸಿ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಗೆ ಶಿಕ್ಷೆಯ ಸೆಕ್ಷನ್ ಮುಂಚೆ 302, ಈಗ 103. 2025ರಲ್ಲಿ ಕೊಲೆ ಆಗುವ ಕಥೆಯಲ್ಲಿ ಇನ್ಸ್‌ಪೆಕ್ಟರ್ ‘302 ಹಾಕ್ತೀನಿ’ ಅಂತ ಗುಡುಗಿದರೆ ಲೇಖಕರು ಹಳೇ ಸಿನಿಮಾ ನೋಡಿ ಬರೆದಿದ್ದಾರೆ ಅಂತ ಅರ್ಥ. ಆ ದಿನಕ್ಕಿಂತ ಮುಂಚೆ ನಡೆದ ಕೊಲೆಯಾದರೆ ಮಾತ್ರ 302 ಸರಿ. ಹಾಗೇ, ಆರೋಪಿಗೆ ಇಷ್ಟ ಇಲ್ಲದಿದ್ದರೂ ಮಂಪರು ಪರೀಕ್ಷೆ ಮಾಡಿಸಿ ರಾತ್ರೋರಾತ್ರಿ ಸತ್ಯ ಕಕ್ಕಿಸುವ ದೃಶ್ಯ. ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದೂ ಕರ್ನಾಟಕದ್ದೇ ಪ್ರಕರಣದಲ್ಲಿ! ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬೆಳಿಗ್ಗೆ ರಕ್ತದ ಮಾದರಿ ಕಳಿಸಿ ಸಂಜೆ ಟೀ ಹೊತ್ತಿಗೆ ಡಿಎನ್‌ಎ ವರದಿ ಕೈಗೆ ಬರೋದೂ ಇದೇ ಜಾತಿ.

ಇಂಥದ್ದಕ್ಕೆ ಎಷ್ಟು ಕಳೆಯಬೇಕು? ಸುಮ್ಮನೆ ಬಂದು ಹೋಗುವ ವಿವರವಾದರೆ ಹತ್ತಕ್ಕೆ ಅರ್ಧ ಅಂಕ. ಆದರೆ ಇಡೀ ಗುಟ್ಟು ಆ ಮಂಪರು ಪರೀಕ್ಷೆಯಿಂದಲೇ ಬಯಲಾಗಿದ್ದರೆ ಧಾರಾಳವಾಗಿ ಕಳೆಯಿರಿ. ಗೋಡೆಗೆ ಸುಣ್ಣ ಬಿಟ್ಟಿದ್ದರೆ ಒಂದು ಲೆಕ್ಕ, ತೊಲೆಯೇ ಇಲ್ಲದಿದ್ದರೆ ಇನ್ನೊಂದು ಲೆಕ್ಕ.

ಪ್ರೇಮ ಕಾದಂಬರಿ ಮುಗಿದ ಮೇಲೆ: ‘ನೀವು’ ಯಾವಾಗ ‘ನೀನು’ ಆಯ್ತು?

ಪ್ರೇಮ ಕಾದಂಬರಿ ಅಳೆಯೋದು ಸುಲಭ ಅಂತ ಜನ ತಿಳಿದಿದ್ದಾರೆ. ಕೊನೆಗೆ ಮದುವೆ ಆಗುತ್ತೆ ಅಂತ ಮೊದಲೇ ಗೊತ್ತಲ್ವಾ ಅಂತಾರೆ. ಗೊತ್ತಿರೋದರಿಂದಲೇ ಕಷ್ಟ. ಊರು ಗೊತ್ತು, ಹಾಗಾಗಿ ದಾರಿ ಚೆನ್ನಾಗಿರಲೇಬೇಕು.

ಕನ್ನಡದಲ್ಲಿ ಈ ದಾರಿ ಅಳೆಯೋಕೆ ನಮ್ಮ ಕೈಲಿ ಒಂದು ಕೋಲಿದೆ, ಇಂಗ್ಲಿಷ್ ಓದುಗರಿಗೆ ಅದಿಲ್ಲ. ಅವರಿಗೆ ಎಲ್ಲರೂ ಒಂದೇ ‘ಯೂ’. ನಮ್ಮಲ್ಲಿ ಹೊಸಬರು ‘ನೀವು’. ಯಾವುದೋ ಒಂದು ಪುಟದಲ್ಲಿ ಅದು ‘ನೀನು’ ಆಗುತ್ತದೆ. ಆ ಪುಟ ಹುಡುಕಿ. ಯಾರು ಮೊದಲು ಅಂದರು? ಬೇಕಂತ ಅಂದರಾ, ಬಾಯಿ ತಪ್ಪಿ ಬಂತಾ? ಇನ್ನೊಬ್ಬರು ಗಮನಿಸಿದರಾ? ನಾನೇ ಒಂದು ತುಣುಕು ಕಟ್ಟಿ ತೋರಿಸುತ್ತೇನೆ:

ಹೊಸಪೇಟೆ ಬಸ್ ಸ್ಟ್ಯಾಂಡ್. ಮಳೆ. ಅವನು ಮೂರು ಸಲ ‘ಛತ್ರಿ ತಗೊಳ್ಳಿ, ನೀವು ನೆನೀತೀರಿ’ ಅಂದ. ಅವಳು ಮೂರು ಸಲ ‘ಪರವಾಗಿಲ್ಲ’ ಅಂದಳು. ನಾಲ್ಕನೇ ಸಲ ಅವನಿಗೆ ರೇಗಿತು. ‘ತಗೋ ಅಂದ್ನಲ್ಲ, ಜ್ವರ ಬಂದ್ರೆ ಯಾರು ನೋಡ್ಕೋತಾರೆ ನಿನ್ನ?’ ಅವಳು ಛತ್ರಿ ತಗೊಂಡಳು. ಬಸ್ ಬರೋವರೆಗೆ ಇಬ್ಬರೂ ಮಾತಾಡಲಿಲ್ಲ.

ಇಲ್ಲಿ ‘ಪ್ರೀತಿ’ ಅನ್ನೋ ಪದವೇ ಇಲ್ಲ. ಬೇಕಾಗಿಯೂ ಇಲ್ಲ. ಇದೇ ಜಾಗದಲ್ಲಿ ‘ನನ್ನ ಹೃದಯವೀಣೆಯ ತಂತಿ ಮೀಟಿದವಳು ನೀನು’ ಅಂತ ಅವನು ಪುಟಗಟ್ಟಲೆ ಹೇಳಿದರೆ ನೋಟ್‌ಬುಕ್ಕಿನಲ್ಲಿ ಆ ಪುಟಸಂಖ್ಯೆ ಬರೆದು ಪಕ್ಕದಲ್ಲಿ ‘ಟೀ’ ಅಂತ ಹಾಕುತ್ತೇನೆ. ಅಂದರೆ ಎದ್ದು ಹೋಗಿ ಟೀ ಮಾಡಿಕೊಂಡೆ ಅಂತ. ಮದುವೆಯಾದ ಮೇಲೆ ‘ರೀ’ ಬರುತ್ತಾ, ಹೆಸರು ಹಿಡಿದು ಕರೀತಾಳಾ, ಜಗಳ ಆದಾಗ ಮತ್ತೆ ‘ನೀವು’ಗೆ ಹೋಗಿಬಿಡ್ತಾಳಾ ಅನ್ನೋದನ್ನೂ ನೋಡಿ. ಕೋಪದ ‘ನೀವು’ ಬರೆಯಬಲ್ಲ ಲೇಖಕರಿಗೆ ನಾನು ಒಂದು ಅಂಕ ಕಣ್ಣು ಮುಚ್ಚಿ ಕೊಡುತ್ತೇನೆ. ಅನುವಾದವಾದರೆ ಇದು ಇನ್ನೂ ಮುಖ್ಯ. ಇಂಗ್ಲಿಷಿನಿಂದ ತಂದ ಪುಸ್ತಕದಲ್ಲಿ ‘ನೀವು’ ಎಲ್ಲಿ ‘ನೀನು’ ಆಗಬೇಕು ಅಂತ ತೀರ್ಮಾನಿಸುವವರು ಅನುವಾದಕರೇ. ಅದರ ಹೊಗಳಿಕೆ, ಬೈಗುಳ ಎರಡೂ ಅವರಿಗೇ ಸೇರಬೇಕು.

ಎರಡನೇ ಪ್ರಶ್ನೆ, ಇಬ್ಬರ ನಡುವೆ ನಿಂತ ಅಡ್ಡಿ ಏನು? ನನ್ನ ಪರೀಕ್ಷೆ ಇದು: ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತಾ? ಅವಳು ಅವನನ್ನು ಇನ್ನೊಬ್ಬಳ ಜೊತೆ ಹೋಟೆಲಿನಲ್ಲಿ ನೋಡಿದಳು, ಆ ಇನ್ನೊಬ್ಬಳು ಅವನ ತಂಗಿ ಅಂತ ನೂರೈವತ್ತು ಪುಟ ಆದಮೇಲೆ ಗೊತ್ತಾಯಿತು. ಇದು ಅಡ್ಡಿಯಲ್ಲ, ಪುಟ ತುಂಬಿಸೋದು. ಜಾತಿ, ಜಾತಕ, ತಂಗಿ ಮದುವೆಗೆ ಮಾಡಿದ ಸಾಲ, ಬೀದರಿಗೆ ಆದ ವರ್ಗ, ಅಮ್ಮನಿಗೆ ಕೊಟ್ಟ ಭಾಷೆ, ಇವು ಅಡ್ಡಿಗಳು. ಫೋನ್ ಮಾಡಿದರೂ ಹೋಗಲ್ಲ.

ಮೂರನೇದು ಹೇಳಲೇಬೇಕು. ಅವಳು ಬೇಡ ಅಂದಮೇಲೂ ಹಿಂದೆ ಬೀಳೋದು, ಕೈ ಹಿಡಿದೆಳೆಯೋದು, ಶ್ರೀಮಂತ ನಾಯಕ ಕೆಲಸ ಕಿತ್ತುಕೊಳ್ತೀನಿ ಅಂತ ಹೆದರಿಸಿ ಮದುವೆಯಾಗೋದು, ಆಮೇಲೆ ಅದನ್ನೇ ‘ಹುಚ್ಚು ಪ್ರೀತಿ’ ಅನ್ನೋದು ಕಂತುಕಥೆಗಳಲ್ಲಿ ಇನ್ನೂ ಬೇಕಾದಷ್ಟಿದೆ. ಅಂಥದ್ದು ಇಷ್ಟಪಟ್ಟು ಓದುವವರೂ ಇದ್ದಾರೆ, ಅವರನ್ನು ಬೈಯೋಕೆ ನಾನ್ಯಾರು. ಆದರೆ ವಿಮರ್ಶೆಯಲ್ಲಿ ಇದೆ ಅಂತ ಒಂದು ಸಾಲು ಹೇಳಿ. ಬೇಡದವರು ಬಿಡುತ್ತಾರೆ.

ಒಂದು ರಾತ್ರಿ ಮಲಗಿ, ಆಮೇಲೆ ಅಂಕ

ಓದಿದ ರಾತ್ರಿ ಅಂಕ ಬೇಡ. ಬೆಳಿಗ್ಗೆ ಕೂತು ಹತ್ತಕ್ಕೆ ಹಾಕಿ. ಥ್ರಿಲ್ಲರ್‌ಗೆ ನಾನು ಓದಿಸಿಕೊಂಡು ಹೋಗೋದಕ್ಕೆ ನಾಲ್ಕು, ಸುಳಿವಿನ ನಿಯತ್ತಿಗೆ ಮೂರು, ಪಾತ್ರಗಳಿಗೆ ಎರಡು, ಭಾಷೆಗೆ ಒಂದು ಇಡುತ್ತೇನೆ. ಪ್ರೇಮ ಕಾದಂಬರಿಗೆ ಲೆಕ್ಕ ತಿರುಗುತ್ತದೆ. ಇಬ್ಬರು ಮನುಷ್ಯರಿಗೇ ನಾಲ್ಕು, ಅಡ್ಡಿಗೆ ಮೂರು, ಭಾಷೆಗೆ ಎರಡು, ಮುಕ್ತಾಯಕ್ಕೆ ಒಂದು. ನಿಮ್ಮ ಲೆಕ್ಕ ಬೇರೆ ಇರಲಿ, ಪರವಾಗಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಬದಲಾಗದಿದ್ದರೆ ಆಯ್ತು.

ಹತ್ತನ್ನು ಐದು ಸ್ಟಾರ್‌ಗೆ ಇಳಿಸುವಾಗ ಯಾವ ಜಾಲತಾಣ ಅಂತ ನೋಡಿಕೊಳ್ಳಿ. ಓದುಗರು ಪುಸ್ತಕಗಳಿಗೆ ಅಂಕ ಕೊಡುವ ಗುಡ್‌ರೀಡ್ಸ್‌ನಲ್ಲಿ ಮೂರು ಸ್ಟಾರ್ ಅಂದರೆ ‘ಇಷ್ಟವಾಯಿತು’ ಅಂತಲೇ ಅರ್ಥ, ಎರಡು ಅಂದರೆ ‘ಪರವಾಗಿಲ್ಲ’. ನಮ್ಮವರಿಗೆ ಮೂರು ಅಂದರೆ ಜಸ್ಟ್ ಪಾಸ್! ಒಬ್ಬ ಲೇಖಕಿ ಮೂರು ನೋಡಿ ‘ಏನು ತಪ್ಪಾಯ್ತು?’ ಅಂತ ನನಗೆ ಸಂದೇಶ ಕಳಿಸಿದ್ದರು. ಹಾಗಾಗಿ ಮೂರು ಕೊಟ್ಟರೆ ‘ಇಷ್ಟವಾಯಿತು’ ಅನ್ನೋ ಪದವನ್ನೂ ಜೊತೆಗೆ ಬರೆಯೋದು ಒಳ್ಳೇದು. ಗುಡ್‌ರೀಡ್ಸ್‌ನಲ್ಲಿ ಅರ್ಧ ಸ್ಟಾರ್ ಇಲ್ಲ. ಅಂಥದ್ದೇ ಇನ್ನೊಂದು ತಾಣ ಸ್ಟೋರಿಗ್ರಾಫ್‌ನಲ್ಲಿ ಕಾಲು ಸ್ಟಾರ್ ಕೂಡ ಕೊಡಬಹುದು.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಸ್ಟಾರ್ ಬೇಡ. ‘72ನೇ ಪುಟಕ್ಕೆ ಬಿಟ್ಟೆ, ಯಾಕಂದ್ರೆ…’ ಅಂತ ಬರೆದರೆ ಸಾಕು.

ಪುಸ್ತಕದ ತಪ್ಪಲ್ಲದ್ದಕ್ಕೆ ಪುಸ್ತಕವನ್ನು ಹೊಡೆಯಬೇಡಿ. ಈ ತಪ್ಪು ನಾನೇ ಮಾಡಿದ್ದೇನೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಪ್ರೇಮ ಕಾದಂಬರಿಯಲ್ಲಿ 128ನೇ ಪುಟ ಆದಮೇಲೆ ನೇರ 145. ಹದಿನಾರು ಪುಟದ ಒಂದು ಫಾರಂ ಬೈಂಡಿಂಗ್‌ನಲ್ಲಿ ಬಿಟ್ಟುಹೋಗಿತ್ತು. ಸಿಟ್ಟಿಗೆ ಒಂದು ಸ್ಟಾರ್ ಒತ್ತಿ, ಅದನ್ನು ಮರೆತೇಬಿಟ್ಟೆ. ತಿಂಗಳಾದಮೇಲೆ ಸ್ನೇಹಿತೆಯ ಪ್ರತಿಯಲ್ಲಿ ಆ ಹದಿನಾರು ಪುಟ ಓದಿದೆ. ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿತ್ತು. ಹೋಗಿ ನೋಡಿದರೆ ಆ ಪುಸ್ತಕಕ್ಕೆ ಅಂಕ ಕೊಟ್ಟಿದ್ದವರು ಒಟ್ಟು ಐದು ಜನ. ನಾಲ್ವರು ಐದೈದು, ನಾನೊಬ್ಬ ಒಂದು. 5 ಇರಬೇಕಾದ ಸರಾಸರಿ 4.2ಕ್ಕೆ ಬಿದ್ದಿತ್ತು. ಸಾವಿರಾರು ಜನ ಅಂಕ ಕೊಡುವ ಇಂಗ್ಲಿಷ್ ಪುಸ್ತಕದಲ್ಲಿ ನನ್ನ ಸಿಟ್ಟು ಲೆಕ್ಕಕ್ಕೇ ಬರ್ತಿರಲಿಲ್ಲ. ಹೊಸ ಕನ್ನಡ ಪುಸ್ತಕಕ್ಕೆ ಎಷ್ಟೋ ಸಲ ಐದೋ ಹತ್ತೋ ಜನ ಮಾತ್ರ ಅಂಕ ಕೊಟ್ಟಿರುತ್ತಾರೆ. ಒಬ್ಬರ ಬೆರಳಿಗೆ ಅಲ್ಲಿ ಜಾಸ್ತಿ ತೂಕ.

ನಾಲ್ಕೈದು ಸಾಲು ಬರೆಯೋದು

‘ಸೂಪರ್, ಓದಲೇಬೇಕಾದ ಕೃತಿ’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗಲ್ಲ. ಕಾಂಪೌಂಡರ್ ಪುಸ್ತಕಕ್ಕೆ ನಾನು ಬರೆದದ್ದು ಹೀಗೆ: ‘ಸಣ್ಣ ಊರಿನ ನರ್ಸಿಂಗ್ ಹೋಂ, ಒಂದು ಸಾವು. ಮೊದಲ ಐವತ್ತು ಪುಟ ತಾಳ್ಮೆ ಬೇಕು, ಆಮೇಲೆ ಅನ್ನ ಸೀದರೂ ಗೊತ್ತಾಗಲ್ಲ. ಸುಳಿವುಗಳೆಲ್ಲ ಕಣ್ಣ ಮುಂದೆಯೇ ಇವೆ. ಪೊಲೀಸರು ಮಾತ್ರ ಗ್ರಾಂಥಿಕ ಕನ್ನಡ ಆಡುತ್ತಾರೆ. ಶವಪರೀಕ್ಷೆಯ ವಿವರ ಜಾಸ್ತಿ, ರಕ್ತ ಆಗದವರು ಬಿಡಿ.’ ಕಥೆ ಹೇಳಿಲ್ಲ. ಯಾರಿಗೆ ಹಿಡಿಸುತ್ತೆ, ಯಾರಿಗೆ ಹಿಡಿಸಲ್ಲ ಅಂತ ಗೊತ್ತಾಗುತ್ತದೆ.

ಗುಟ್ಟು ಬಿಡಬೇಡಿ ಅಂತ ಬೇರೆ ಹೇಳಬೇಕಿಲ್ಲ. ಆದರೆ ‘ಕೊನೆಯ ತಿರುವು ಯಾರೂ ಊಹಿಸೋಕೆ ಸಾಧ್ಯವಿಲ್ಲ’ ಅಂತ ಬರೆಯೋದೂ ಅರ್ಧ ಗುಟ್ಟು ಬಿಟ್ಟ ಹಾಗೇ. ಆಮೇಲೆ ಓದುವವರು ಮೊದಲ ಪುಟದಿಂದಲೇ ತಿರುವಿಗೆ ಕಾಯುತ್ತಾ ಕೂರುತ್ತಾರೆ. ಗುಟ್ಟಿನ ಬಗ್ಗೆ ಬರೆಯಲೇಬೇಕು ಅಂದರೆ ಗುಡ್‌ರೀಡ್ಸ್‌ನಲ್ಲಿ ಅದನ್ನು ಮುಚ್ಚಿಡುವ ಸೌಲಭ್ಯ ಇದೆ, ಬಳಸಿ.

ಲೇಖಕರು ಪರಿಚಯದವರಾದರೆ

ಇದು ಕನ್ನಡದ ದೊಡ್ಡ ಕಷ್ಟ. ಪುಸ್ತಕ ಬಿಡುಗಡೆಗೆ ಹೋಗಿ ಉಪ್ಪಿಟ್ಟು, ಕೇಸರಿಬಾತ್ ತಿಂದು, ‘ಪ್ರೀತಿಯಿಂದ’ ಅಂತ ಸಹಿ ಹಾಕಿಸಿಕೊಂಡು ಬಂದ ಪುಸ್ತಕಕ್ಕೆ ಎರಡು ಸ್ಟಾರ್ ಕೊಡೋಕೆ ಕೈ ಬರಲ್ಲ. ಕೊಡಬೇಕೂ ಅಂತಿಲ್ಲ. ಸ್ಟಾರ್ ಬಿಟ್ಟು, ಫೋನ್ ಮಾಡಿ ಅನಿಸಿದ್ದನ್ನು ಹೇಳಿ. ಅವರು ಕಳಿಸಿದ ಪ್ರತಿಗೆ ವಿಮರ್ಶೆ ಬರೆದರೆ ‘ಲೇಖಕರೇ ಕೊಟ್ಟ ಪ್ರತಿ’ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಅಮೆಜಾನ್‌ನಲ್ಲಂತೂ ಮನೆಯವರು, ಹತ್ತಿರದ ಸ್ನೇಹಿತರು ಬರೆದ ವಿಮರ್ಶೆಗೆ ಅವಕಾಶವೇ ಇಲ್ಲ. ದುಡ್ಡು ಕೊಟ್ಟು ಬರೆಸಿದ ವಿಮರ್ಶೆ ಹಾಕಬಾರದು ಅಂತ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗೇ ಒಂದು ಮಾನದಂಡ ತಂದಿದೆ. ಕಡ್ಡಾಯವಲ್ಲ, ಆದರೆ ಇದೆ. ಕೇಸರಿಬಾತಿನ ಬಗ್ಗೆ ಅದರಲ್ಲೇನೂ ಹೇಳಿಲ್ಲ.

ಕೊಟ್ಟ ಅಂಕ ಬದಲಾಯಿಸಬಹುದು ಅನ್ನೋದನ್ನು ಮರೀಬೇಡಿ. ಆ ಹದಿನಾರು ಪುಟದ ಕಾದಂಬರಿಗೆ ಒಂದನ್ನು ನಾಲ್ಕು ಮಾಡಿದೆ. ಹುಬ್ಬಳ್ಳಿ ಥ್ರಿಲ್ಲರ್‌ಗೆ ಐದನ್ನು ಮೂರು ಮಾಡಿ, ‘ಇಷ್ಟವಾಯಿತು, ಆದರೆ ಹತ್ತು ಗಂಟೆಯ ಊಟವನ್ನು ಎಂಟು ಗಂಟೆಗೆ ಹಾಕಿದ್ದರೂ ಅವನು ಹನ್ನೊಂದೂವರೆಗೆ ಶಿವಮೊಗ್ಗ ಮುಟ್ಟೋದು ಕಷ್ಟವೇ, ಏಳಕ್ಕೆ ಹಾಕಿ’ ಅಂತ ಬರೆದೆ.